ವಾಡಿಯಲ್ಲಿ ತಂಬಿಗೆ ಹಿಡಿದು ಓಡಿದ್ದು

ವಾಡಿಯಲ್ಲಿ ನಾನು ಮೊದಲ ಬಾರಿ ಓಡಿದ ಬೆಳಿಗ್ಗೆ ನನ್ನ ಹಿಂದೆ ಮೂವತ್ತು ನಲವತ್ತು ಜನ ಓಡಿದರು. ಸೂರ್ಯ ಆಗಷ್ಟೇ ಮೇಲೆದ್ದಿದ್ದ. ಸುಣ್ಣಕಲ್ಲಿನ ಗಣಿಯ ಅಂಚಿನ ಬಂಡಿದಾರಿಯಲ್ಲಿ, ಮೈಸೂರಿನಿಂದ ತಂದಿದ್ದ ಕೆಂಪು ಬನಿಯನ್ ತೊಟ್ಟು, ಯಾರ ತಂಟೆಗೂ ಹೋಗದೆ ನಿಧಾನವಾಗಿ ಹೊರಟಿದ್ದೆ. ಕೆಳಗೆ ಗಣಿಯಲ್ಲಿ ಬುಟ್ಟಿ ಹೊತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು. ನೋಡಿದವಳೇ ಬುಟ್ಟಿ ಎಸೆದು ಚೀರಿದಳು. ಹಿಂದೆ ದಡದಡ ಸದ್ದು ಕೇಳಿ ತಿರುಗಿದರೆ ಇಡೀ ಪಾಳಿಯೇ ಇಳಿಜಾರು ಹತ್ತಿ ನನ್ನ ಬೆನ್ನಿಗೆ ಬರುತ್ತಿದೆ. ಏನೋ ಅನಾಹುತವಾಗಿದೆ, ಇವರಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ ಎಂದುಕೊಂಡು ನಾನು ಜೋರು ಮಾಡಿದೆ. ನಾನು ಜೋರು ಮಾಡಿದ್ದು ಕಂಡು ಅವರೂ ಜೋರು ಮಾಡಿದರು. ಹೀಗೆ ಒಬ್ಬರಿಗೊಬ್ಬರು ಹೆದರಿಕೊಂಡು ನಾವು ಎರಡು ಹೊಲ ದಾಟಿದೆವು.

ಒಂದು ಬೇವಿನ ಮರದ ಕೆಳಗೆ ನನ್ನ ಉಸಿರು ಕಟ್ಟಿತು. ಬಲ ಪಕ್ಕೆ ಒತ್ತಿ ಹಿಡಿದು ಬಗ್ಗಿದ್ದೆ. ನರೆತ ಗಡ್ಡದ ಸಣಕಲು ಮನುಷ್ಯನೊಬ್ಬ ಏದುಸಿರು ಬಿಡುತ್ತ ಬಂದು ರಟ್ಟೆ ಹಿಡಿದ.

"ಯಾವ ಕಡಿ ಬಾರು ಉಳದದ್ರಿ? ಯಾರ್ ಹೇಳ್ಯಾರ ನಿಮಗ?"

"ಯಾವ ಬಾರು? ನೀವೆಲ್ಲ ಯಾಕ್ರೀ ಓಡಿ ಬಂದ್ರಿ?"

"ನೀವು ಓಡಿದ್ದಕ್ಕ!"

ಬಾರು ಎಂದರೆ ಬಂಡೆ ಸೀಳಲು ತೂತು ಕೊರೆದು ತುಂಬುವ ಮದ್ದು. ಅದನ್ನು ಹಾರಿಸುವುದು ಮಧ್ಯಾಹ್ನ, ಜನ ಬುತ್ತಿ ಬಿಚ್ಚಲು ಮೇಲೆ ಬಂದ ಮೇಲೆ. ಅದಕ್ಕೂ ಮೊದಲು ಒಬ್ಬ ಕೆಂಪು ಬಾವುಟ ಹಿಡಿದು, ಕೂಗುತ್ತ, ಗಣಿಯನ್ನು ಒಂದು ಸುತ್ತು ಓಡುತ್ತಾನೆ. ಅವನು ಸುತ್ತು ಮುಗಿಸಿ ಬಾವುಟ ಎತ್ತಿದ ಮೇಲೆಯೇ ಬತ್ತಿಗೆ ಬೆಂಕಿ. ಹಾಗಾಗಿ ಈ ಊರಿನಲ್ಲಿ ಕೆಂಪು ಬಣ್ಣ ಓಡಿದರೆ ಅದಕ್ಕೆ ಒಂದೇ ಅರ್ಥ. ಬೆಳಿಗ್ಗೆಯೇ ಓಡಿದರಂತೂ ನಿನ್ನೆಯ ಯಾವುದೋ ಬಾರು ಸಿಡಿಯದೆ ಒಳಗೇ ಕೂತಿದೆ ಎಂದು ಅರ್ಥ. ನನ್ನ ರಟ್ಟೆ ಹಿಡಿದವನೇ ಆ ಬಾವುಟದವನು, ಖಾಜಾ ಸಾಬ್. ತನ್ನ ಕೆಲಸವನ್ನು ಇನ್ಯಾರೋ ಮಾಡುವುದು ಕಂಡು ಅವನಿಗೆ ಎಲ್ಲರಿಗಿಂತ ಹೆಚ್ಚು ಗಾಬರಿಯಾಗಿತ್ತು.

ಅಷ್ಟರಲ್ಲಿ ಕೂಲಿಯವರ ಮೇಸ್ತ್ರಿ, ಅಂದರೆ ಇಲ್ಲಿನವರು ಮುಕದ್ದಮ್ ಎನ್ನುವ ದಪ್ಪ ಮನುಷ್ಯ ಬಂದು ವಿಚಾರಣೆ ಶುರುಮಾಡಿದ. ಯಾರಾದರೂ ಬೆನ್ನು ಹತ್ತಿದ್ದರೇ? ಇಲ್ಲ. ನಾಯಿ? ಇಲ್ಲ. ಗಾಡಿ ತಪ್ಪಿತ್ತೆ? ಇಲ್ಲ. ಸುಮ್ಮನೆ, ಆರೋಗ್ಯಕ್ಕಾಗಿ ಓಡುತ್ತಿದ್ದೆ ಎಂದೆ.

"ಆರಾಮ ಇದ್ದಾಂವ ಯಾಕ ಓಡತಾನ್ರಿ?" ಎಂದು ಅವನು ಜನರ ಕಡೆ ತಿರುಗಿದ. ಯಾರೂ ನಗಲಿಲ್ಲ. ಓಡುವಾಗ ಬಿದ್ದು ಮೊಣಕಾಲು ತರಚಿಕೊಂಡಿದ್ದ ಆ ಬುಟ್ಟಿಯ ಹೆಂಗಸು ನನ್ನನ್ನೇ ದಿಟ್ಟಿಸುತ್ತಿದ್ದಳು. ನಾಚಿಕೆಯಿಂದ ನೆಲ ನೋಡಿದೆ. ಮುಕದ್ದಮನ ಪ್ರಶ್ನೆ ಮಾತ್ರ ಎದೆಯಲ್ಲಿ ಉಳಿಯಿತು, ಏಕೆಂದರೆ ನಾನು ಆರಾಮ ಇರಲಿಲ್ಲ.

ಮೈಸೂರಿನಲ್ಲಿ ನಾನು ಹತ್ತು ವರ್ಷ ಓಡಿದವನು. ಪಂದ್ಯಕ್ಕಲ್ಲ, ಪದಕಕ್ಕಲ್ಲ. ಬೆಳಗಿನ ಮಂಜಿನಲ್ಲಿ ಮೈದಾನಕ್ಕೆ ನಾಲ್ಕು ಸುತ್ತು ಹಾಕಿ, ಹೋಟೆಲಿನಲ್ಲಿ ಕಾಫಿ ಕುಡಿದು ಮನೆಗೆ ಹೋದರೆ ದಿನ ನೆಟ್ಟಗಿರುತ್ತಿತ್ತು, ಅಷ್ಟೆ. ಆಮೇಲೆ ಒಂದು ಚಳಿಗಾಲ ವಿಷಮಶೀತ ಜ್ವರ ಬಂತು. ಅದು ಬಿಟ್ಟಿತು ಎನ್ನುವಷ್ಟರಲ್ಲಿ ಬಲ ಎದೆಗೂಡಿನಲ್ಲಿ ನೀರು ತುಂಬಿತು. ಸೂಜಿ ಹಾಕಿ ತೆಗೆದರು. ವರ್ಷವಿಡೀ ಮಾತ್ರೆ ನುಂಗಿದೆ. "ಕ್ಷಯ ಅಲ್ಲ, ಬರೀ ನೀರು" ಎಂದ ಡಾಕ್ಟರೇ "ಓಟ ಗೀಟ ಇನ್ನು ಮರೆತುಬಿಡಿ" ಎಂದೂ ಹೇಳಿದರು. ಬರೀ ನೀರಾದರೆ ಓಟ ಏಕೆ ಮರೆಯಬೇಕು? ಅಂದಿನಿಂದ ನನಗೆ ಆ ಡಾಕ್ಟರ ಮೇಲೂ ನನ್ನ ಎದೆಯ ಮೇಲೂ ನಂಬಿಕೆ ಹೋಯಿತು.

ಅನುಮಾನ ನನಗೆ ಹೊಟ್ಟೆಪಾಡು ಕೂಡ. ನಾನು ತೂಕ ಅಳತೆಯ ಇನ್ಸ್‌ಪೆಕ್ಟರ್. ತಕ್ಕಡಿಯ ತಟ್ಟೆಯ ಕೆಳಗೆ ಅಂಟಿಸಿದ ಹುಣಸೆಹಣ್ಣು, ತಳ ಕೊರೆದು ಹಗುರ ಮಾಡಿದ ತೂಕದ ಬೊಟ್ಟು, ಇವನ್ನು ಹುಡುಕುವುದೇ ನನ್ನ ಉದ್ಯೋಗ. ಯಾವ ಬೊಟ್ಟು ಕೈಗೆ ಬಂದರೂ ಮೊದಲು ತಿರುಗಿಸಿ ತಳ ನೋಡುತ್ತೇನೆ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷ ನನ್ನನ್ನು ಇಲ್ಲಿಗೆ ವರ್ಗ ಮಾಡಿದರು. ಗುಲ್ಬರ್ಗ ಜಿಲ್ಲೆ ಎಂದ ಕೂಡಲೇ ಮೈಸೂರಿನ ಗೆಳೆಯರು ನನ್ನನ್ನು ಕಳಿಸಿಕೊಟ್ಟ ರೀತಿ ನೋಡಿದರೆ ನಾನು ಜೈಲಿಗೆ ಹೊರಟವನಂತಿದ್ದೆ. ರೈಲಿಳಿದು ಸಿಮೆಂಟಿನ ಬೂದು ಧೂಳು ಕಂಡಾಗ, ಇದು ನನ್ನ ಎದೆಯನ್ನು ಮುಗಿಸಲೆಂದೇ ಮಾಡಿದ ಏರ್ಪಾಡು ಎಂದು ನನಗೂ ಅನಿಸಿತು.

ಕೋಣೆ ಸಿಕ್ಕಿದ್ದು ಶರಣಮ್ಮ ಎಂಬ ವಿಧವೆಯ ಮನೆಯಲ್ಲಿ. ನೆಲಕ್ಕೂ ಫರ್ಸಿ, ಗೋಡೆಗೂ ಫರ್ಸಿ, ಮಾಡಿಗೂ ಫರ್ಸಿ. ಫರ್ಸಿ ಎಂದರೆ ಇಲ್ಲಿ ನೆಲದಡಿ ಪದರ ಪದರವಾಗಿ ಸಿಗುವ ಚಪ್ಪಡಿ ಕಲ್ಲು. ಮೈಸೂರಿನ ಹೆಂಚಿನ ಮನೆ ಸಂಜೆಗೆ ತಣ್ಣಗಾಗುತ್ತಿತ್ತು, ಇದು ಹಗಲು ನುಂಗಿದ ಬಿಸಿಲನ್ನು ಸಂಜೆ ಹೊರಗೆ ಬಿಡುತ್ತಿತ್ತು. ಅಲ್ಲಿ ಮನೆ ಕೊಡುವವರು ಜಾತಿ ಕೇಳಿದ್ದರು. ಇಲ್ಲಿ ಶರಣಮ್ಮ ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದು ಬೇರೆ.

"ಕೆಮ್ಮು ಐತೇನ್ರಿ?"

"ಇಲ್ಲ."

"ನನ್ನ ಗಂಡ ಟೀಬಿಯಿಂದ ಹೋದ್ರು. ಮತ್ತ ನನ್ನ ಮನ್ಯಾಗ ಆ ಕೆಮ್ಮು ಬ್ಯಾಡ."

ನನಗೆ ಕೆಮ್ಮಿತ್ತು. ಬೆಳಗಿನ ಜಾವ ಬರುತ್ತಿತ್ತು. ದಿಂಬಿಗೆ ಬಾಯಿ ಒತ್ತಿ ಕೆಮ್ಮುತ್ತಿದ್ದೆ. ಊರೆಲ್ಲರ ಸುಳ್ಳು ತೂಕ ಹಿಡಿಯುವವನು ಸುಳ್ಳು ಹೇಳಿಯೇ ಮನೆ ಹೊಕ್ಕೆ. ವಾರ ಕಳೆದು, ಹತ್ತನೆಯ ದಿನ, ಎದೆ ನಿಜಕ್ಕೂ ಎಷ್ಟು ಬಾಳುತ್ತದೆ ಎಂದು ಪರೀಕ್ಷಿಸಲು ಓಡಿದೆ. ಆಗಿದ್ದನ್ನು ಮೊದಲೇ ಹೇಳಿದ್ದೇನೆ.

ಆ ದಿನ ಸಂಜೆಯೊಳಗೆ ಬಜಾರಿನಲ್ಲಿ ನನ್ನ ಬಗ್ಗೆ ನಾಲ್ಕು ಸುದ್ದಿ ಓಡಾಡಿದವು. ನಾನು ಸೀಐಡಿ. ನನಗೆ ಯಾರೋ ಮಾಟ ಮಾಡಿಸಿದ್ದಾರೆ. ಹೆಂಡತಿ ಓಡಿಹೋದದ್ದಕ್ಕೆ ತಲೆ ಕೆಟ್ಟಿದೆ (ನನಗೆ ಮದುವೆಯೇ ಆಗಿರಲಿಲ್ಲ). ನಾಲ್ಕನೆಯದು, ಅಂಗಡಿಗಳು ಬಾಗಿಲು ತೆರೆಯುವ ಮುನ್ನ ಯಾರು ಯಾವ ತಕ್ಕಡಿಯನ್ನು ಎಲ್ಲಿ ಬಚ್ಚಿಡುತ್ತಾರೆ ಎಂದು ನೋಡಲು ಓಡುತ್ತೇನೆ. ಇದನ್ನು ನಂಬಿದವರು ಅಂಗಡಿಯವರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು.

ಮರುದಿನವೂ ನಾನು ಓಡಿ ಬಂದಾಗ ಶರಣಮ್ಮ ರೊಟ್ಟಿ ಬಡಿಯುತ್ತ ನನಗೊಂದು ಉಪಾಯ ಹೇಳಿದಳು. "ಹಿಂಗ ಬರಿಗೈ ಬೀಸ್ಕೋತ ಓಡಿದ್ರ ಕಳ್ಳ ಅಂತಾರ, ಇಲ್ಲಾ ಹುಚ್ಚ ಅಂತಾರ. ಕೈಯಾಗ ಒಂದ್ ತಂಬಿಗಿ ಹಿಡೀರಿ. ತಂಬಿಗಿ ಹಿಡದಾಂವಗ ಎಲ್ಲಿಗಿ ಹೊಂಟಿ ಅಂತ ಯಾರೂ ಕೇಳಂಗಿಲ್ಲ." ಅಂದವಳು ಕೈಯಾರೆ ಒಂದು ಹಿತ್ತಾಳೆ ತಂಬಿಗೆ ಕೊಟ್ಟಳು.

ನಿಜವೇ. ಬೆಳಗಿನ ಹೊತ್ತು ಬಯಲಿಗೆ ಹೋಗುವ ಗಂಡಸರೆಲ್ಲರ ಕೈಯಲ್ಲಿ ತಂಬಿಗೆ. ಮೈಸೂರಿನಲ್ಲಿ ಓಡುವವನ ಗುರುತು ಬಿಳಿ ಕ್ಯಾನ್ವಾಸ್ ಬೂಟು, ಇಲ್ಲಿ ತಂಬಿಗೆಯೇ ರಹದಾರಿ ಪತ್ರ. ಕೆಂಪು ಬನಿಯನ್ ಟ್ರಂಕಿಗೆ ಹೋಯಿತು. ಬಿಳಿ ಅಂಗಿ, ಪಂಚೆಯ ಬದಲು ಪೈಜಾಮ, ಕೈಯಲ್ಲಿ ತಂಬಿಗೆ. ಅರ್ಧ ತುಂಬಿದರೆ ತುಳುಕುತ್ತದೆ, ಖಾಲಿಯಾದರೆ ನೋಡುವವರಿಗೆ ಗುಮಾನಿ ಬರುತ್ತದೆ. ಗುಮಾನಿ ಎಂದರೆ ಅನುಮಾನ. ಈ ಊರಿಗೆ ಬಂದು ನಾನು ಕಲಿತ ಮೊದಲ ಮಾತು.

ಆದರೆ ತಂಬಿಗೆ ಹಿಡಿದು ಓಡುವುದನ್ನು ಜನ ಬೇರೆ ಬಗೆಯಲ್ಲಿ ಅರ್ಥ ಮಾಡಿಕೊಂಡರು. ದಾರಿಯುದ್ದಕ್ಕೂ ಪಕ್ಕಕ್ಕೆ ಸರಿದು ಜಾಗ ಬಿಡತೊಡಗಿದರು. "ಸರೀರಿ, ಸರೀರಿ, ಸಾಹೇಬ್ರಿಗಿ ಅರ್ಜೆಂಟ್ ಅದ!" ವಾರದಲ್ಲಿ ನನ್ನ ಹೊಟ್ಟೆಯ ಸ್ಥಿತಿ ಬಜಾರಿನ ಚರ್ಚೆಯಾಯಿತು. ನಾನು ಹಿಂದಿನ ವಾರವಷ್ಟೇ ಬೊಟ್ಟು ಕಿತ್ತುಕೊಂಡಿದ್ದ ಕಿರಾಣಿ ಅಂಗಡಿಯವನೇ ಜೀರಿಗೆ ಪೊಟ್ಟಣ ಕಟ್ಟಿ ಕೊಟ್ಟ. ಇದರಲ್ಲಿ ಏನೋ ಇದೆ ಎಂದು ಅದನ್ನು ಚರಂಡಿಗೆ ಸುರಿದೆ. ಶರಣಮ್ಮ ಬಡಿಸುತ್ತಿದ್ದ ಪುಂಡಿ ಪಲ್ಯವನ್ನೂ ಮೊದಮೊದಲು ಹಾಗೆಯೇ ಅನುಮಾನಿಸಿದ್ದೆ. ಪುಂಡಿ ಹುಳಿ ಸೊಪ್ಪು, ಬಿಸಿ ಜೋಳದ ರೊಟ್ಟಿಯ ಮೇಲೆ ಶೇಂಗಾ ಹಿಂಡಿಯ, ಅಂದರೆ ಕಡಲೆಕಾಯಿ ಚಟ್ನಿಪುಡಿಯ, ಜೊತೆ ತಿಂದರೆ ಹುಳಿಯನ್ನದ ನೆನಪು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಕಾಫಿಯ ನೆನಪು ಮಾತ್ರ ಸುಮ್ಮನಿರಲಿಲ್ಲ. ಭಾನುವಾರಗಳಲ್ಲಿ ಮಾತಾಡಲು ಒಬ್ಬರೂ ಇರದೆ ಸ್ಟೇಷನ್ನಿಗೆ ಹೋಗಿ, ದಕ್ಷಿಣಕ್ಕೆ ಹೋಗುವ ಗಾಡಿ ಕಾಣೆಯಾಗುವ ತನಕ ನಿಲ್ಲುತ್ತಿದ್ದೆ.

ಆ ದಿನಗಳಲ್ಲೇ ನನ್ನನ್ನು ಒಬ್ಬ ಕಾಯುತ್ತಿದ್ದಾನೆ ಎಂಬುದು ಗಮನಕ್ಕೆ ಬಂತು. ಖಾಜಾ ಸಾಬ್. ದಿನವೂ ಬೆಳಿಗ್ಗೆ ಅದೇ ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕೂತು, ನಾನು ಬರುವುದನ್ನೂ ಹೋಗುವುದನ್ನೂ ನೋಡುತ್ತಿದ್ದ. ಅಂಗಡಿಯವರು ಇವನನ್ನು ನೇಮಿಸಿದ್ದಾರೆ ಎಂದುಕೊಂಡೆ. ನಾನು ದಾರಿ ಬದಲಿಸಿದೆ, ಅವನು ಕಲ್ಲು ಬದಲಿಸಿದ. ಹದಿನೈದನೆಯ ದಿನ ತಾಳ್ಮೆ ಕೆಟ್ಟು ಎದುರಿಗೆ ಹೋಗಿ ನಿಂತೆ.

"ನಿಮ್ಮನ್ನ ಯಾರು ಕಳಿಸಿರೋದು?"

"ನಿಮ್ಮನ್ನ ಯಾರು ಕಳಿಸ್ಯಾರ, ಅದು ಮೊದಲ ಹೇಳ್ರಿ" ಎಂದ ಅವನು. "ನನ್ನ ಬಾವುಟ ಬ್ಯಾರೆಯವರಿಗಿ ಕೊಡಾಕ ಕಂಪನಿ ನಿಮ್ಮನ್ನ ಕರಿಸ್ಯಾದಂತ. ನೌಕರಿ ಕಲೀಲಿಕತ್ತೀರಿ ಅಂತ. ಮುಕದ್ದಮ್ ಹೇಳ್ಯಾನ."

ನನಗೆ ನಗು ಬಂತು. ಅವನು ನಗಲಿಲ್ಲ. ಸ್ವಲ್ಪ ಹೊತ್ತು ನನ್ನ ಎದೆಯನ್ನೇ ನೋಡಿ ಹೇಳಿದ: "ಆದ್ರ ನೀವು ಆ ಕೆಲಸಕ್ಕ ಬರಂಗಿಲ್ರಿ. ಆ ಮೋರಿ ದಾಟಿದ ಮ್ಯಾಲ ನಿಮಗ ಬಲಗಡಿ ಹಿಡೀತದ. ತಂಬಿಗಿ ಎಡಗೈಗಿ ತಗೋತೀರಿ, ಬಲಗೈಲೆ ಒತ್ತಿ ಹಿಡೀತೀರಿ. ದಿನಾ ನೋಡಾಕತ್ತೀನಿ."

ಇವನು ಶರಣಮ್ಮನಿಗೆ ಒಂದು ಮಾತು ಹೇಳಿದರೆ ಸಾಕು, ಟ್ರಂಕು ಬೀದಿಗೆ. "ನಿಮಗೇನು ಬೇಕು?" ಎಂದೆ, ಲಂಚ ಕೇಳುವವನ ಹತ್ತಿರ ಮಾತಾಡುವ ಹಾಗೆ.

"ನನಗೂ ಹಿಡೀತದ್ರಿ" ಎಂದ ಖಾಜಾ ಸಾಬ್. ಹೋದ ಮಳೆಗಾಲ ತಿಂಗಳುಗಟ್ಟಲೆ ಜ್ವರದಲ್ಲಿ ಬಿದ್ದಿದ್ದನಂತೆ. ಎದ್ದ ಮೇಲೆ ಗಣಿಯ ಸುತ್ತು ಮುಗಿಸುವಷ್ಟು ಉಸಿರಿಲ್ಲ. ಅರ್ಧದಲ್ಲಿ ನಿಂತು ಕೆಮ್ಮಿ, ಮತ್ತೆ ಓಡುತ್ತಾನೆ. ಬತ್ತಿಯವನು ಕಾಯುತ್ತಾನೆ, ಮುಕದ್ದಮ್ ಬೈಯುತ್ತಾನೆ. ಬಾವುಟ ಕಸಿದುಕೊಂಡರೆ ಮತ್ತೆ ಸುತ್ತಿಗೆ ಹಿಡಿದು ಗಣಿಯ ಧೂಳಿಗೆ ಇಳಿಯಬೇಕು. "ಆ ಧೂಳಾಗ ನಾ ಆರು ತಿಂಗಳು ಉಳಿಯಂಗಿಲ್ಲ. ನೀವು ಹಿಡದ ಮ್ಯಾಲೂ ಮರುದಿನ ಬರತೀರಿ. ಹ್ಯಾಂಗ ಬರತೀರಿ ಅಂತ ನೋಡಾಕ ಕೂಡ್ತಿದ್ದೆ."

ಅಂದಿನಿಂದ ಇಬ್ಬರೂ ಕೂಡಿಯೇ ಹೊರಟೆವು. ರೈಲು ಹಳಿಯ ಪಕ್ಕದ ತಂತಿ ಕಂಬಗಳು ನಮ್ಮ ಅಳತೆ. ಒಂದು ಕಂಬ ಓಟ, ಎರಡು ಕಂಬ ನಡಿಗೆ. ತಿಂಗಳ ಮೇಲೆ ಒಂದು ಕಂಬ ಓಟ, ಒಂದು ಕಂಬ ನಡಿಗೆ. ಇಬ್ಬರ ಕೈಯಲ್ಲೂ ತಂಬಿಗೆ. ಮಾತು ಕಡಿಮೆ. ಅವನಿಗೆ ನಾನು ಕಂಪನಿಯವನಲ್ಲ ಎಂದು ಪೂರ್ತಿ ನಂಬಿಕೆ ಬಂದಿರಲಿಲ್ಲ, ನನಗೆ ಅವನ ಕೆಮ್ಮಿನ ಮೇಲೆ ನಂಬಿಕೆಯಿರಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿ ಆ ಕಡೆ ನಿಲ್ಲುತ್ತಿದ್ದೆ. ಅವನೂ ಹಾಗೆಯೇ ನಿಲ್ಲುತ್ತಾನೆ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಭಾನುವಾರ ಗೂಡ್ಸ್ ಶೆಡ್ಡಿಗೆ ಹೋಗಿ, ನಾನೇ ಮುದ್ರೆ ಒತ್ತಿದ ಮೂಟೆ ತೂಗುವ ತಕ್ಕಡಿಯ ಮೇಲೆ ಹತ್ತಿ ನಿಲ್ಲುತ್ತಿದ್ದೆ. ಡಾಕ್ಟರ ಮಾತಿಗಿಂತ ಆ ಕಬ್ಬಿಣದ ಮೇಲೆ ನನಗೆ ಭರವಸೆ.

ಮೊದಲ ಮಳೆಗಾಲ ಬಂತು. ನೆನೆದೆನೋ, ಧೂಳು ಕುಡಿದೆನೋ, ಜ್ವರ ಏರಿತು. ಬಲ ಪಕ್ಕೆಯಲ್ಲಿ ಹಳೆಯ ಚುಚ್ಚು. ಮೂರು ದಿನ ಏಳಲಿಲ್ಲ. ಎಲ್ಲ ಮತ್ತೆ ಮೊದಲಿನಿಂದ, ಸೂಜಿ, ಮಾತ್ರೆ, ಹಾಸಿಗೆ. ಓಟದ ಹುಚ್ಚಿಗೆ ನನ್ನನ್ನೇ ಬೈದುಕೊಂಡೆ. ಬಜಾರಿನವರು ಬಾಗಿಲ ಮುಂದೆ ಹಾಯುವಾಗ ದನಿ ತಗ್ಗಿಸುವುದು ಕೇಳುತ್ತಿತ್ತು. ಇಷ್ಟು ದಿನ ಓಡಿದ್ದಕ್ಕೆ ಗುಮಾನಿ ಪಟ್ಟವರು ಈಗ ಓಡದ್ದಕ್ಕೆ ಪಡುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಕೆಮ್ಮು ಹತ್ತಿಕೊಂಡಿತು. ದಿಂಬು ಕಚ್ಚಿ ಹಿಡಿದಿದ್ದೆ. ಬಾಗಿಲು ದೂಡಿಕೊಂಡು ಶರಣಮ್ಮ ಒಳಗೆ ಬಂದಳು. ಕೈಯಲ್ಲಿ ನನ್ನ ತಂಬಿಗೆ.

"ಬಾಯಿ ತೆರದು ಕೆಮ್ಮರಿ. ಎಷ್ಟ್ ದಿನ ದಿಂಬಿನಾಗ ಕೆಮ್ಮತೀರಿ?"

"ಮಳೆ ಶೀತ..." ಎಂದೇನೋ ಶುರುಮಾಡಿದೆ.

ಅವಳು ತಂಬಿಗೆಯನ್ನು ಬೋರಲು ಹಿಡಿದು ಮುಖದ ಮುಂದೆ ತಂದಳು. ತಳದಲ್ಲಿ ಮೊಳೆಯಿಂದ ಎಳೆದ ಮೂರು ಗೀರು. ಊರಿನ ಒಂದೊಂದು ಬೊಟ್ಟನ್ನೂ ತಿರುಗಿಸಿ ತಳ ನೋಡಿದವನು ನಾನು. ತಿಂಗಳುಗಟ್ಟಲೆ ಕೈಯಲ್ಲಿ ಹಿಡಿದು ಓಡಿದ ತಂಬಿಗೆಯ ತಳವನ್ನು ಒಮ್ಮೆಯೂ ನೋಡಿರಲಿಲ್ಲ.

"ನಿಮ್ಮ ತಂಬಿಗಿ, ನಿಮ್ಮ ತಾಟು, ನಿಮ್ಮ ವಾಟಿ, ಎಲ್ಲಾಕೂ ಗೀರ ಅದ. ತಾಟು ವಾಟಿಗಿ ನೀವು ಬಂದು ವಾರ ಆಗೂದ್ರಾಗ ಹಾಕೀನಿ, ತಂಬಿಗಿಗಿ ಕೊಡೂ ಮುಂದ. ಬ್ಯಾರೆ ಬೂದಿಲೆ ತಿಕ್ಕಿ ಕುದಿ ನೀರಾಗ ತೊಳೀತೀನಿ. ಎರಡು ವರ್ಷ ಗಂಡನ ಕೆಮ್ಮು ಕೇಳಿದ ಕಿವಿ ಇದು. ದಿಂಬಿಗಿ ಮೋಸ ಹೋಗತದೇನು?"

"ಮತ್ತೆ ಯಾಕೆ ಹೊರಗೆ ಹಾಕಲಿಲ್ಲ?"

"ಹಾಕಬೇಕಂತನೇ ಇದ್ದೆ. ನಾಳಿ ಹೇಳಬೇಕು ಅನ್ನೂದ್ರಾಗ ನೀವು ಆ ಕೆಂಪಂಗಿ ಹಾಕ್ಕೊಂಡು ಓಡಾಕ ಹೋದ್ರಿ." ಅವಳು ತಂಬಿಗೆಯನ್ನು ಸೆರಗಿನಿಂದ ಒರೆಸಿದಳು. "ನನ್ನ ಗಂಡ ಇದೇ ಕೋಣ್ಯಾಗ ಮಲಗಿದ್ರು. ಒಂದ್ ಸಲ ಅಂಗಳಕ್ಕ ಬರ್ರಿ, ಬಿಸಲಾಗ ಕುಂದ್ರಿ ಅಂದ್ರ ಬರಲಿಲ್ಲ. ಜನ ನೋಡತಾರ ಅಂತಿದ್ರು. ಗ್ವಾಡಿ ಕಡಿ ಮಾರಿ ಮಾಡಿ ಹೋದ್ರು. ನಿಮ್ಮನ್ನ ಇಡೀ ಊರು ನೋಡ್ತು, ನಕ್ತು, ಮರುದಿನ ಮತ್ತ ಹೋದ್ರಿ. ಅದಕ್ಕೇ ತಂಬಿಗಿ ಕೊಟ್ಟೆ."

ಬಾಗಿಲ ಬಳಿ ತಂಬಿಗೆ ಇಟ್ಟು ತಿರುಗಿದಳು. ದನಿ ಗಟ್ಟಿಯಾಗಿತ್ತು.

"ಓಡೂತನಾ ಇರ್ರಿ. ಓಡೂದು ಬಿಟ್ಟ ದಿನ ಕೋಣಿ ಖಾಲಿ ಮಾಡ್ರಿ. ಇನ್ನೊಬ್ಬರು ಗ್ವಾಡಿ ನೋಡೂದು ನನಗ ನೋಡಾಕ ಆಗಂಗಿಲ್ಲ."

ಅವಳು ಹೋದ ಮೇಲೆ ನಾನು ಅತ್ತೆ. ನಾಚಿಕೆಗೋ, ಸಿಕ್ಕಿಬಿದ್ದ ನಿರಾಳಕ್ಕೋ, ಇಂದಿಗೂ ಹೇಳಲಾರೆ. ಜ್ವರ ಇಳಿದ ಮೇಲೆ ಗುಲ್ಬರ್ಗದ ದವಾಖಾನೆಗೆ ಹೋಗಿ ಎದೆಯ ಫೋಟೋ ತೆಗೆಸಿದೆ. ಹಳೆಯ ಕಲೆ, ಹೊಸದೇನೂ ಇಲ್ಲ, ಕ್ಷಯದ ಗುರುತಿಲ್ಲ ಎಂದರು. ಶರಣಮ್ಮನಿಗೆ ಫೋಟೋ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ "ಹೂಂ" ಎಂದಳು, ಮರುದಿನವೂ ನನ್ನ ತಾಟನ್ನು ಬೇರೆಯೇ ತೊಳೆದಳು. ಅವಳ ಅನುಮಾನವನ್ನು ನಾನು ಗೌರವಿಸಿದೆ.

ಮತ್ತೆ ಹೊರಟ ಮೊದಲ ದಿನ ಮನೆಯಿಂದ ಬೇವಿನ ಮರದ ತನಕ ಬರೀ ನಡೆದೆ. ಖಾಜಾ ಸಾಬ್ ಕಾಯುತ್ತಿದ್ದ. "ಓಡಬ್ಯಾಡ್ರಿ ಇವತ್ತ. ಮಂದಿಗಿ ಕಂಡ್ರಿ, ಸಾಕು" ಎಂದ. ಹುರುಪು ಹೇಗೆ ಉಳಿಸಿಕೊಂಡಿರಿ ಎಂದು ಮೈಸೂರಿನ ಗೆಳೆಯರು ಕಾಗದದಲ್ಲಿ ಕೇಳುತ್ತಾರೆ. ಹುರುಪೆಲ್ಲಿ ಬಂತು? ಏಳಲು ಮನಸ್ಸಿಲ್ಲದ ಬೆಳಿಗ್ಗೆಗಳೇ ಹೆಚ್ಚು. ಆದರೆ ಓಡದಿದ್ದರೆ ಅಂಗಡಿಯವನು ಜೀರಿಗೆ ಕಟ್ಟುತ್ತಾನೆ, ಖಾಜಾ ಸಾಬ್ ಕಲ್ಲಿನ ಮೇಲಿಂದ ಏಳುವುದಿಲ್ಲ, ಶರಣಮ್ಮ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ಇಷ್ಟು ಕಣ್ಣುಗಳ ನಡುವೆ ಮಲಗಿರುವುದು ಓಡುವುದಕ್ಕಿಂತ ಕಷ್ಟ.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಮುಕದ್ದಮ್ ಗಡಿಯಾರ ಹಿಡಿದು ಖಾಜಾ ಸಾಬನನ್ನು ಪರೀಕ್ಷೆಗೆ ನಿಲ್ಲಿಸಿದ. ನಾನು ಕಚೇರಿ ಬಿಟ್ಟು ಜನರ ಜೊತೆ ಬೇವಿನ ಮರದ ಕೆಳಗೆ ನಿಂತೆ. ಬಾವುಟ ಗಣಿಯ ಅಂಚಿನಲ್ಲಿ ಹೊರಟಿತು. ಮೋರಿಯ ಬಳಿ ಅದು ತಗ್ಗಿತು, ನನ್ನ ಪಕ್ಕೆ ತಾನೇ ಬಿಗಿಯಾಯಿತು. ಬಾವುಟ ಮತ್ತೆ ಎದ್ದಿತು, ಆಚೆ ದಂಡೆ ಹತ್ತಿತು, ಸುತ್ತು ಮುಗಿಸಿ ಆಕಾಶಕ್ಕೆ ನಿಂತಿತು. ಮುಕದ್ದಮ್ ಗಡಿಯಾರ ನೋಡಿ ಜೇಬಿಗಿಟ್ಟ; ಬಾವುಟ ಖಾಜಾ ಸಾಬನ ಕೈಯಲ್ಲೇ ಉಳಿಯಿತು. ಬಾರು ಹಾರಿತು. ನಾನು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ.

ಮರುವರ್ಷ ಎಂಟು ದಿನ ರಜೆಯ ಮೇಲೆ ಮೈಸೂರಿಗೆ ಹೋದೆ. ಟ್ರಂಕಿನ ತಳದಿಂದ ಕೆಂಪು ಬನಿಯನ್ ತೆಗೆದು ತೊಟ್ಟು ಮೈದಾನಕ್ಕೆ ಹೋದೆ. ಅದೇ ಮಂಜು, ಅದೇ ಬಿಳಿ ಬೂಟುಗಳು, ಅದೇ ಕಾಫಿಯ ವಾಸನೆ. ನಾಲ್ಕು ಸುತ್ತನ್ನೂ ನಿಲ್ಲದೆ ಮುಗಿಸಿದೆ. ಎರಡು ವರ್ಷದ ಕನಸು ಅದು. ಯಾರೂ ಬುಟ್ಟಿ ಎಸೆಯಲಿಲ್ಲ, ಯಾರೂ ದಾರಿ ಬಿಡಲಿಲ್ಲ. ಹಳೆಯ ಪರಿಚಯದವರೊಬ್ಬರು ಎದುರಾಗಿ "ಓ, ಚೆನ್ನಾಗಿದ್ದೀರಾ?" ಎಂದು ಉತ್ತರಕ್ಕೆ ಕಾಯದೆ ಮುಂದೆ ಹೋದರು. ಎಲ್ಲರೂ ಓಡುವ ಕಡೆ ಯಾರನ್ನೂ ಯಾರೂ ನೋಡುವುದಿಲ್ಲ. ಕೈ ಖಾಲಿ ಖಾಲಿ ಎನಿಸಿ ಎಲ್ಲಿಡಬೇಕೆಂದು ತಿಳಿಯದೆ ಬೀಸುತ್ತ ಮನೆಗೆ ಬಂದೆ. ಆ ಊರು ನನ್ನದೇ. ಅಲ್ಲಿನ ಮಂಜಿಗಾಗಿ ಇಂದಿಗೂ ಜೀವ ಹಂಬಲಿಸುತ್ತದೆ. ಆದರೂ ಐದನೆಯ ದಿನಕ್ಕೇ ವಾಡಿಯ ಗಾಡಿಯ ವೇಳೆ ವಿಚಾರಿಸತೊಡಗಿದ್ದೆ.

ಬೆಳಗಿನ ಗಾಡಿಗೆ ವಾಡಿಯಲ್ಲಿ ಇಳಿದು ಮನೆಗೆ ಬಂದಾಗ ಶರಣಮ್ಮ ಅಂಗಳ ಸಾರಿಸುತ್ತಿದ್ದಳು. ಟ್ರಂಕು ಇಳಿಸುವ ಮೊದಲೇ ಕೇಳಿದಳು.

"ಎಂಟ್ ದಿನ ಆತು, ಓಡಿಲ್ಲಲ್ರಿ?"

"ಅಲ್ಲಿ ಓಡಿದೆನಮ್ಮ. ನಾಲ್ಕು ಸುತ್ತು. ಒಂದು ಸಲವೂ ನಿಲ್ಲಲಿಲ್ಲ."

ಅವಳು ಸಗಣಿ ಕೈಯನ್ನು ಹಾಗೇ ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ನಾನು ತಕ್ಕಡಿ ನೋಡುವ ಹಾಗೆ.

"ಅಲ್ಲಿ ಯಾರು ನೋಡ್ಯಾರ?"

ಟ್ರಂಕು ಕಟ್ಟೆಯ ಮೇಲಿಟ್ಟು, ಬಾಗಿಲ ಪಕ್ಕದಲ್ಲಿದ್ದ ಗೀರಿನ ತಂಬಿಗೆ ತೆಗೆದುಕೊಂಡು, ಪ್ರಯಾಣದ ಬಟ್ಟೆಯಲ್ಲೇ ಬೇವಿನ ಮರದ ಕಡೆಗೆ ಓಡಿದೆ.